ಮನೆಮನೆ ಸುತ್ತಿದ ಇರುವೆ

ಕೋಳಿಗೂ ಭೇದಿ, ಬಾತುಕೋಳಿಗೂ ಭೇದಿ, ಜೊತೆಗಿರೋ ಮೇಕೆಗೆ ಮಾತ್ರ ಏನೂ ಇಲ್ಲ. ಯಾಕೆ ಹೇಳಿ? ಬಿಡಿ, ಕೂತಲ್ಲೇ ಕೂತರೆ ಯಾರಿಗೂ ಗೊತ್ತಾಗಲ್ಲ.

"ಇದು ಗೂಬೆಯ ದೃಷ್ಟಿ! ಮರಿಗಳ ಸಮೇತ ಪೊಟರೆಯಿಂದ ಓಡಿಸಿ!" ಎಂದು ಹುಂಜ ಕೂಗಿತು.

ಆಮೆ ಮೇಷ್ಟ್ರ ಹತ್ತಿರ ಆರೋಗ್ಯದ ತರಬೇತಿ ಮುಗಿಸಿದ್ದ ಇರುವೆ ಅಡ್ಡ ನಿಂತಿತು. "ತಡಿ ಹುಂಜಣ್ಣ. ಯಾರು ಎಲ್ಲಿ ನೀರು ಕುಡಿದರು ಅಂತ ಕೇಳ್ಕೊಂಡು ಬರ್ತೀನಿ."

"ಸಾಸಿವೆಯಷ್ಟಿಲ್ಲ, ನನಗೇ ಎದುರಾಡ್ತೀಯಾ?"

ಇರುವೆ ಮನೆಮನೆ ಸುತ್ತಿತು. ಭೇದಿಯಾದವರೆಲ್ಲ ಕಲ್ಲುಬಾನಿಯ ನೀರು ಕುಡಿದಿದ್ದರು; ಮೇಕೆ ಕುಡಿದದ್ದು ಬೋರಿನ ನೀರು. ಬಾನಿ ಮಗುಚಿದರು, ಭೇದಿ ನಿಂತಿತು. ಗೂಬೆಮರಿಗಳು ಪೊಟರೆಯಲ್ಲೇ ಉಳಿದವು. ಶಹಬ್ಬಾಸ್ ಇರುವೆ!

ಹುಂಜ ತಲೆಬಾಗಿ ಗೂಬೆಯ ಕ್ಷಮೆ ಕೇಳಿತು. ಅದೊಂದು ಮಾತ್ರ ನಾನೇ ಕಟ್ಟಿದ್ದು ಕಣ್ರೀ; ಕಾಳಿಲ್ಲದೆ ಹುಂಜ ಎಲ್ಲಾದ್ರೂ ತಲೆ ಬಗ್ಗಿಸುತ್ತಾ?