ತಕರಾರಿಲ್ಲದ ಹೆಸರು

"ಗುರುಗಳೇ, ಇಡೀ ಊರು ಒಪ್ಪಿದ ಮೇಲೂ ಒಂದು ಹೆಸರಿನಲ್ಲಿ ತಪ್ಪಿರಲು ಸಾಧ್ಯವೇ?" ಎಂದು ಶಿಷ್ಯ ಕೇಳಿದ.

ಅವನು ತನ್ನೂರಿನ ಪುರಸಭೆಯ ಸದಸ್ಯ. ಹೊಸ ಉದ್ಯಾನಕ್ಕೆ ತೀರಿಹೋದ ತನ್ನ ತಂದೆಯ ಹೆಸರು ಇಡಿಸಲು ಓಡಾಡುತ್ತಿದ್ದ. ಹೆಸರು ಬರೆದ ಕಾಗದ ಒಂದು ತಿಂಗಳಿಂದ ಪುರಸಭೆಯ ಗೋಡೆಯ ಮೇಲಿತ್ತು. ಒಬ್ಬರೂ ತಕರಾರು ಎತ್ತಿರಲಿಲ್ಲ. ಗುರುಗಳೇ ಬಂದು ಫಲಕದ ಪರದೆ ಸರಿಸಬೇಕೆಂದು ಕೇಳಿಕೊಳ್ಳಲು ಹಣ್ಣಿನ ಬುಟ್ಟಿ ಹಿಡಿದು ಬಂದಿದ್ದ. ಕರೆಯಲು ಬಂದವನ ಬಾಯಲ್ಲಿ ಯಾಕೋ ಈ ಪ್ರಶ್ನೆ ಬಂದುಬಿಟ್ಟಿತು.

ಗುರುಗಳು ಬುಟ್ಟಿಯನ್ನು ಮುಟ್ಟಲಿಲ್ಲ.

"ಕೂತುಕೋ. ನಿನ್ನ ಪ್ರಶ್ನೆಗೆ ಉತ್ತರ ನನಗೆ ಗೊತ್ತಿಲ್ಲ, ಒಂದು ಕತೆ ಗೊತ್ತು. ಕೇಳಿದ ಮೇಲೂ ನನ್ನನ್ನು ಕರೆಯಬೇಕು ಅನ್ನಿಸಿದರೆ ಕರೆ" ಎಂದು ಹೇಳಿ ಶುರು ಮಾಡಿದರು.

ಒಂದು ಊರಿನ ಕೆರೆಗೆ ಒಬ್ಬ ನೀರುಗಂಟಿ ಇದ್ದ. ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿ ಬಿಡುವುದು ಅವನ ಕೆಲಸ. ಗದ್ದೆಯವರು ಅವನನ್ನು ಬೆಳಿಗ್ಗೆ ಬೈಯುತ್ತಿದ್ದರು, ಸಂಜೆ ಹೊಗಳುತ್ತಿದ್ದರು. ನೀರುಗಂಟಿಯ ಬಾಳೇ ಅಷ್ಟು. ಕೆರೆಯ ಹಿಂದೆ ಒಂದು ಬರಡು ಬಯಲಿತ್ತು. ಕೆಲಸ ಮುಗಿಸಿ ಮನೆಗೆ ಹೋಗುವಾಗ ಅವನು ಅಲ್ಲಿ ಹೊಂಗೆ, ಬೇವು, ನೇರಳೆಯ ಸಸಿಗಳನ್ನು ನೆಟ್ಟ. ದಿನಕ್ಕೆ ಎರಡು ಕೊಡ ನೀರು ಹೊತ್ತು ಹಾಕಿದ. ದನ ತಿಂದುಹೋದ ಕಡೆ ಮತ್ತೆ ನೆಟ್ಟ. ಇಪ್ಪತ್ತು ವರ್ಷ ಇದೇ ನಡೆಯಿತು. ಬಯಲು ತೋಪಾಯಿತು. ಸಂತೆಗೆ ಬಂದವರು ಅದರ ನೆರಳಿನಲ್ಲಿ ಗಾಡಿ ಬಿಟ್ಟು ಬುತ್ತಿ ಬಿಚ್ಚತೊಡಗಿದರು. ಒಂದು ದಿನ ನೀರುಗಂಟಿ ಸತ್ತ. ಪಾಪ, ಒಳ್ಳೆಯವನು ಎಂದರು ಊರಿನವರು. ಮಾರನೆಯ ದಿನವೇ ಇನ್ನೊಬ್ಬನನ್ನು ನೇಮಿಸಿದರು. ಗದ್ದೆಗೆ ನೀರು ಬೇಕಲ್ಲ.

ಅದೇ ಊರಿನಲ್ಲಿ ಒಬ್ಬ ವ್ಯಾಪಾರಿ ಇದ್ದ. ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಈ ಕತೆ ಹೇಳುವುದು ನನಗೆ ಸುಲಭವಾಗುತ್ತಿತ್ತು, ಕೇಳುವುದು ನಿನಗೆ ಸುಲಭವಾಗುತ್ತಿತ್ತು. ತೂಕದಲ್ಲಿ ಮೋಸ ಮಾಡಿದವನಲ್ಲ, ಮನೆ ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸಿದವನಲ್ಲ. ತಂದೆಯ ಮೇಲೆ ಅವನಿಗೆ ಬಹಳ ಪ್ರೀತಿ. ಊರಿನ ಪಂಚರು ತೋಪಿಗೆ ಬೇಲಿ ಕಟ್ಟಿ ಉದ್ಯಾನ ಮಾಡೋಣ ಎಂದಾಗ ಅವನು ಕಲ್ಲಿನ ಬೆಂಚುಗಳನ್ನು ಹಾಕಿಸಿಕೊಟ್ಟ, ಬಾಗಿಲನ್ನೂ ಮಾಡಿಸಿದ. ಆಮೇಲೆ, ತೋಪಿಗೆ ನನ್ನ ತಂದೆಯ ಹೆಸರಿಡಿ ಎಂದು ಕೇಳಿದ.

ಆ ಊರಿನಲ್ಲಿ ಒಂದು ಕ್ರಮವಿತ್ತು. ಹೆಸರನ್ನು ಬರೆದು ಚಾವಡಿಯ ಗೋಡೆಗೆ ಅಂಟಿಸಬೇಕು. ಒಂದು ತಿಂಗಳು ಅದು ಅಲ್ಲಿರಬೇಕು. ಬೇಡ ಎನ್ನುವವರು ಅಷ್ಟರೊಳಗೆ ಬಂದು ಹೇಳಬೇಕು. ಯಾರೂ ಬರದಿದ್ದರೆ ಊರು ಒಪ್ಪಿದಂತೆ. ಬಹಳ ನ್ಯಾಯವಾದ ಕ್ರಮ ಎಂದು ಆ ಊರಿನವರಿಗೆ ಹೆಮ್ಮೆ.

ಕಾಗದ ಅಂಟಿಸಿದರು. ಓದು ಬಂದವರು ಓದಿದರು. ಆ ಮರಗಳನ್ನು ನೆಟ್ಟವನು ಯಾರೆಂದು ಬಲ್ಲ ಹಿರಿಯರು ನಾಲ್ಕೈದು ಜನ ಇದ್ದರು. ಅವರೂ ಓದಿದರು. ಮನಸ್ಸಿಗೆ ಚುಚ್ಚಿತು. ಆದರೆ ದಿನ ಬೆಳಗಾದರೆ ವ್ಯಾಪಾರಿಯ ಮುಖ ನೋಡಬೇಕಾದವರು ಅವರು. ಯಾರ ಹೆಸರಾದರೇನು, ನೆರಳು ನೆರಳೇ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡು ಮನೆಗೆ ಹೋದರು.

ಕೊನೆಯ ದಿನ ಮಧ್ಯಾಹ್ನ ವ್ಯಾಪಾರಿ ಚಾವಡಿಯ ಮುಂದೆ ನಿಂತು ತಂದೆಯ ಹೆಸರನ್ನು ಮತ್ತೊಮ್ಮೆ ಓದಿಕೊಳ್ಳುತ್ತಿದ್ದ. ಸೊಪ್ಪು ಮಾರುವ ಒಬ್ಬ ಮುದುಕಿ ಬುಟ್ಟಿ ಹೊತ್ತು ಆ ದಾರಿಯಲ್ಲಿ ಬಂದಳು. ಅವಳು ಸತ್ತ ನೀರುಗಂಟಿಯ ಹೆಂಡತಿ. ಅದು ವ್ಯಾಪಾರಿಗೆ ಗೊತ್ತಿತ್ತು, ಮರ ನೆಟ್ಟವನು ಯಾರೆಂಬುದೂ ಗೊತ್ತಿತ್ತು. ಅವಳಿಗೆ ಓದು ಬಾರದು.

"ಅದೇನು ಸಾವ್ಕಾರ್ರೇ, ತಿಂಗಳಿಂದ ಎಲ್ಲಾರೂ ನಿಂತು ನೋಡ್ಕೊಂಡು ಹೋಯ್ತಾವ್ರೆ?" ಎಂದು ಕೇಳಿದಳು.

"ತೋಪಿಗೆ ಹೆಸರು ಇಡ್ತಾ ಇದೀವಿ ಅಜ್ಜೀ."

"ಯಾರ ಹೆಸರು?"

ನನ್ನ ಅಪ್ಪನ ಹೆಸರು ಎನ್ನಬೇಕಿತ್ತು. ಮೂರು ಮಾತು. ಆದರೆ ಗಡುವು ಮುಗಿಯಲು ಇನ್ನೂ ಅರ್ಧ ದಿನವಿತ್ತು. ಮುದುಕಿ ಅಲ್ಲೇ ಕೂತು ಅತ್ತರೆ ಜನ ಸೇರುತ್ತಾರೆ, ಜನ ಸೇರಿದರೆ ಮಾತು ಬೆಳೆಯುತ್ತದೆ. ಆ ಒಂದು ಗಳಿಗೆ ದಾಟಿದರೆ ಸಾಕಿತ್ತು ಅವನಿಗೆ.

"ಮರ ನೆಟ್ಟವರ ಹೆಸರು" ಎಂದುಬಿಟ್ಟ.

ಮುದುಕಿ ಬುಟ್ಟಿ ಇಳಿಸಿದಳು. ಸೆರಗಿನಿಂದ ಕೈ ಒರೆಸಿಕೊಂಡು ಗೋಡೆಯ ಮೇಲಿನ ಕಾಗದಕ್ಕೆ ಕೈ ಮುಗಿದಳು. ಅವನಿಗೂ ಕೈ ಮುಗಿದಳು. ಅವನು ಬೇಡ ಬೇಡ ಎನ್ನುತ್ತ ಹಿಂದಕ್ಕೆ ಸರಿದ. ಸಂಜೆಯಾಯಿತು. ಯಾರೂ ಬರಲಿಲ್ಲ. ಊರು ಒಪ್ಪಿತು.

ತೋಪಿನ ಬಾಗಿಲಲ್ಲಿ ಕಲ್ಲು ನೆಟ್ಟು, ದೊಡ್ಡ ಅಕ್ಷರಗಳಲ್ಲಿ ವ್ಯಾಪಾರಿಯ ತಂದೆಯ ಹೆಸರು ಕೆತ್ತಿಸಿದರು. ಮಾರನೆಯ ಬೆಳಿಗ್ಗೆಯಿಂದ ಮುದುಕಿ ದಿನಾ ಅಲ್ಲಿಗೆ ಬರತೊಡಗಿದಳು. ಕಲ್ಲಿನ ಬುಡಕ್ಕೆ ಒಂದು ಹಿಡಿ ಕಣಗಿಲೆ ಹೂವು ಹಾಕುವಳು. ಅಕ್ಷರಗಳನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವಳು. ಆಮೇಲೆ ಸೊಪ್ಪು ಮಾರಲು ಹೋಗುವಳು.

ಜನ ವ್ಯಾಪಾರಿಗೆ ಹೇಳಿದರು: ನಿಮ್ಮ ತಂದೆಯವರ ಮೇಲೆ ಆ ಅಜ್ಜಿಗೆ ಎಷ್ಟು ಭಕ್ತಿ, ಪುಣ್ಯವಂತರು ಅವರು. ಮೊದಲ ಸಲ ಈ ಮಾತು ಕೇಳಿದಾಗ ಅವನು ಬೇರೆ ಮಾತು ತೆಗೆದ. ಎರಡನೆಯ ಸಲ ಸ್ವಲ್ಪ ನಕ್ಕ. ಮೂರನೆಯ ಸಲ, ಹೌದು, ನಮ್ಮಪ್ಪ ಬಡವರಿಗೆ ಬೇಕಾದವರು ಎಂದ. ಹೇಳಿ ಮನೆಗೆ ಹೋದವನು ಬಡಿಸಿದ ಎಲೆ ಬಿಟ್ಟು ಎದ್ದ. ಅವನಿಗೆ ನಾಚಿಕೆಯಾಗಿತ್ತು. ಸುಳ್ಳು ಹೇಳಿದ ದಿನ ಆಗದ ನಾಚಿಕೆ, ಆ ಸುಳ್ಳಿನಿಂದ ಬಂದ ಹೊಗಳಿಕೆಯನ್ನು ಬಾಯಿ ಬಿಟ್ಟು ಒಪ್ಪಿಕೊಂಡ ದಿನ ಆಯಿತು.

ಅಂದಿನಿಂದ ಅವನು ತೋಪಿನ ದಾರಿ ಬಿಟ್ಟು ಸುತ್ತು ಹಾಕಿಕೊಂಡು ಅಂಗಡಿಗೆ ಹೋಗತೊಡಗಿದ. ಅದರಿಂದಲೂ ನೆಮ್ಮದಿ ಸಿಗಲಿಲ್ಲ. ಕಡೆಗೆ, ಮುದುಕಿಗೆ ಗೊತ್ತಾಗದ ಹಾಗೆ ಕಲ್ಲು ಬದಲಾಯಿಸಿ ನೀರುಗಂಟಿಯ ಹೆಸರನ್ನೇ ಕೆತ್ತಿಸಿಬಿಡೋಣ ಎಂದುಕೊಂಡ. ಮುದುಕಿ ಓದಲಾರಳು, ಬದಲಾದದ್ದು ಅವಳಿಗೆ ತಿಳಿಯುವುದೇ ಇಲ್ಲ. ನೋಡು, ತಪ್ಪನ್ನು ತಿದ್ದುವಾಗಲೂ ಅವನಿಗೆ ತಲೆ ತಗ್ಗಿಸದೆ ಪಾರಾಗುವ ಆಸೆ.

ಆದರೆ ನೀರುಗಂಟಿಯ ಹೆಸರೇನು? ಅವನಿಗೆ ಗೊತ್ತಿರಲಿಲ್ಲ. ಆ ನಾಲ್ಕೈದು ಹಿರಿಯರನ್ನು ಕೇಳಿದ. ನೀರುಗಂಟಿ ಎಂದೇ ಕರೆಯುತ್ತಿದ್ದೆವಲ್ಲ ಎಂದರು. ಗದ್ದೆಯವರನ್ನು ಕೇಳಿದ. ಅವರೂ ಅದನ್ನೇ ಹೇಳಿದರು. ಚಾವಡಿಯ ಹಳೆಯ ಕಡತದಲ್ಲೂ ನೀರುಗಂಟಿ ಎಂದಷ್ಟೇ ಇತ್ತು. ಇಪ್ಪತ್ತು ವರ್ಷ ಅವನು ಬಿಟ್ಟ ನೀರಿನಲ್ಲಿ ಬೆಳೆದ ಅನ್ನ ಉಂಡ ಊರಿಗೆ ಅವನ ಹೆಸರು ಬೇಕಾಗಿರಲೇ ಇಲ್ಲ. ಇನ್ನು ಅದು ಗೊತ್ತಿದ್ದವಳು ಒಬ್ಬಳೇ. ವ್ಯಾಪಾರಿ ಕೊನೆಗೂ ಧೈರ್ಯ ಮಾಡಿದ. ನಿಜ ಹೇಳಿ, ಕಾಲು ಹಿಡಿದು, ಹೆಸರು ಕೇಳುತ್ತೇನೆ ಎಂದು ನಿಶ್ಚಯಿಸಿ ಒಂದು ಬೆಳಿಗ್ಗೆ ತೋಪಿಗೆ ಹೋದ.

ಮುದುಕಿ ಹೂವು ಹಾಕುತ್ತಿದ್ದಳು. ಅವನನ್ನು ಕಂಡು ಮುಖ ಅರಳಿತು. ಅವನು ಬಾಯಿ ತೆರೆಯುವ ಮೊದಲೇ ಅವಳು ಮಾತು ತೆಗೆದಳು.

"ನೀವೇ ಬಂದ್ರಿ, ಒಳ್ಳೇದಾಯ್ತು ಸಾವ್ಕಾರ್ರೇ. ಇದನ್ನ ಒಂದು ಸಲ ಗಟ್ಟಿಯಾಗಿ ಓದಿ. ಗಂಡನ ಹೆಸರು, ನಾನು ಬಾಯಲ್ಲಿ ಹೇಳೋ ಹಂಗಿಲ್ಲ. ನಮ್ಮತ್ತೆ ಇರೋವರ್ಗೂ ಕೂಗೋರು. ಅವ್ರು ಹೋದ್ಮೇಲೆ ಆ ಹೆಸರನ್ನ ನಾನು ಯಾರ ಬಾಯಲ್ಲೂ ಕೇಳಿಲ್ಲ. ಊರೆಲ್ಲಾ ನೀರ್ಗಂಟಿ ಅಂತಲೇ ಕೂಗ್ತು. ನೀವು ಓದಿ, ನಾನು ಕೇಳ್ತೀನಿ."

ಅಷ್ಟು ಹೇಳಿ, ತಲೆಯ ಮೇಲೆ ಸೆರಗು ಹೊದ್ದು, ಮದುವಣಗಿತ್ತಿಯ ಹಾಗೆ ಕಣ್ಣು ಕೆಳಗೆ ಮಾಡಿ ನಿಂತಳು.

ವ್ಯಾಪಾರಿ ಕಲ್ಲಿನ ಮುಂದೆ ನಿಂತ. ಕಲ್ಲಿನ ಮೇಲಿದ್ದದ್ದನ್ನು ಓದುವ ಹಾಗಿಲ್ಲ. ಬೇರೆ ಯಾವ ಹೆಸರು ಹೇಳಿದರೂ ಅವಳಿಗೆ ತಿಳಿಯುತ್ತದೆ. ಹೇಳಬೇಕಾದ ಹೆಸರು ಅವನ ಬಳಿ ಇಲ್ಲ. ಕಾಲು ಹಿಡಿಯುತ್ತೇನೆ ಎಂದು ಬಂದವನಿಗೆ ಬಗ್ಗಲೂ ಆಗಲಿಲ್ಲ. ಮುದುಕಿ ಕಾದಳು. ಆಮೇಲೆ ತಲೆಯೆತ್ತಿ ಅವನ ಮುಖ ನೋಡಿದಳು. ಕಲ್ಲನ್ನು ನೋಡಿದಳು. ಅವಳಿಗೆ ಅಕ್ಷರ ಬಾರದು, ಮುಖ ಓದಲು ಬರುತ್ತಿತ್ತು.

ಹಾಕಿದ ಹೂವನ್ನು ಅವಳು ವಾಪಸು ತೆಗೆದುಕೊಳ್ಳಲಿಲ್ಲ. ಬುಟ್ಟಿಯನ್ನು ತಲೆಗೇರಿಸಿಕೊಂಡಳು. "ಬಿಸಿಲೇರ್ತು, ಸೊಪ್ಪು ಬಾಡ್ತದೆ" ಎಂದು ಹೇಳಿ ಹೊರಟುಹೋದಳು. ಮಾರನೆಯ ದಿನ ತೋಪಿಗೆ ಬರಲಿಲ್ಲ. ಆಮೇಲೆ ಎಂದೂ ಬರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. ಅವನ ದನಿಯಲ್ಲಿ ಸಿಟ್ಟಿತ್ತು.

"ಅವಳು ಅಷ್ಟಕ್ಕೇ ಬಿಟ್ಟಳೇ ಗುರುಗಳೇ? ಚಾವಡಿಗೆ ಹೋಗಿ ಪಂಚರನ್ನು ಕೇಳಬಹುದಿತ್ತು. ನಾಲ್ಕು ಜನರ ಮುಂದೆ ಅವನ ಮಾನ ಕಳೆಯಬಹುದಿತ್ತು. ಏನೂ ಮಾಡಲಿಲ್ಲವೇ?"

"ಇಲ್ಲ, ಅವಳೂ ತಕರಾರು ಎತ್ತಲಿಲ್ಲ" ಎಂದರು ಗುರುಗಳು.