ಎರಡನೇ ಕೋಷ್ಟಕದ ಶೀರ್ಷಿಕೆ

"ಗುರುಗಳೇ, ನನ್ನ ಕಂಪ್ಯೂಟರ್ ಕೋಡ್ ಕೊಟ್ಟ ಅಂಕಿಯೆಲ್ಲ ಸರಿಯಿದೆ. ಒಂದು ಕೋಷ್ಟಕದ ಶೀರ್ಷಿಕೆ ತಪ್ಪಿತ್ತು, ಅಷ್ಟೇ. ಅಷ್ಟಕ್ಕೇ ಇಡೀ ವರದಿಯನ್ನು ವಾಪಸ್ಸು ಕೊಟ್ಟಿರಲ್ಲ, ಇದು ನ್ಯಾಯವೇ? ತಗೊಳ್ಳಿ, ತಿದ್ದಿ ತಂದಿದ್ದೇನೆ" ಎಂದ ಶಿಷ್ಯ. ಅವನ ಮುಖ ಕೆಂಪಾಗಿತ್ತು.

ಗುರು ವರದಿಯನ್ನು ಮುಟ್ಟಲಿಲ್ಲ. ಕತೆ ಹೇಳಿದರು.

ಒಂದು ಕಚೇರಿಯಲ್ಲಿ ಒಬ್ಬ ಗುಮಾಸ್ತನಿದ್ದ. ತಾಲ್ಲೂಕಿನ ಬಾವಿಗಳ ನೀರಿನ ಪರೀಕ್ಷೆಯ ವರದಿ ಅವನ ಪಾಲಿಗೆ ಬಂತು. ಬಲು ಜಾಣ. ಅವನು ಕೋಡ್ ಬರೆದು ಓಡಿಸಿದರೆ ಸಾಕು, ಅಂಕಿ, ಕೋಷ್ಟಕ, ಶೀರ್ಷಿಕೆ ಸಮೇತ ವರದಿ ತಾನೇ ತಯಾರಾಗುತ್ತಿತ್ತು. ಮೊದಲನೇ ಕೋಷ್ಟಕಕ್ಕೆ 'ಕುಡಿಯಲು ಯೋಗ್ಯವಾದ ಬಾವಿಗಳು' ಎಂದು ಶೀರ್ಷಿಕೆ ಕೊಟ್ಟ. ಎರಡನೆಯದು ಚರಂಡಿ ನೀರು ಸೇರಿದ ಬಾವಿಗಳದ್ದು. ಹೊಸದಾಗಿ ಬರೆಯುವುದೇಕೆ ಎಂದು ಮೊದಲನೆಯದರ ಸಾಲುಗಳನ್ನೇ ನಕಲು ಮಾಡಿ ಅಂಟಿಸಿದ. ಶೀರ್ಷಿಕೆಯ ಸಾಲು ಹಾಗೇ ಉಳಿಯಿತು.

ತಯಾರಾದ ವರದಿ ನೋಡಿದಾಗ ತಪ್ಪು ಕಣ್ಣಿಗೆ ಬಿತ್ತು. ಸದ್ಯ, ನೋಡಿದನಲ್ಲ! ಆದರೆ ಮತ್ತೆ ಕೋಡ್ ತೆರೆಯುವ ಶ್ರಮ ಯಾರಿಗೆ ಬೇಕು? ವರದಿಯ ಮೇಲೆಯೇ 'ಕುಡಿಯಬಾರದ ಬಾವಿಗಳು' ಎಂದು ಟೈಪ್ ಮಾಡಿ ಕೈತೊಳೆದುಕೊಂಡ. ಮರುದಿನ ಯಾವುದೋ ಒಂದು ಬಾವಿಯ ಅಂಕಿ ಬದಲಾಯಿಸಬೇಕಾಯಿತು. ಕೋಡನ್ನು ಇನ್ನೊಮ್ಮೆ ಓಡಿಸಿದ. ವರದಿ ಹೊಸದಾಗಿ ಹುಟ್ಟಿತು, ಹಳೆಯ ತಪ್ಪನ್ನು ಹೊತ್ತುಕೊಂಡೇ. ನಿನ್ನೆಯೇ ತಿದ್ದಿದ್ದೇನಲ್ಲ ಎಂದುಕೊಂಡ ಮಹಾಶಯ ತೆರೆದೂ ನೋಡದೆ ಊರೂರಿಗೆ ಕಳಿಸಿದ.

ಎಂಟು ದಿನ ಕಳೆದಿರಲಿಲ್ಲ. ಒಬ್ಬ ಹೆಂಗಸು ಆ ಹಾಳೆಯನ್ನು ಪಂಚಾಯಿತಿ ಗೋಡೆಯಿಂದ ಕಿತ್ತು ತಂದು ಅವನ ಮೇಜಿನ ಮೇಲೆ ಬಡಿದಳು.

"ನಿಮ್ಮ ಅಂಕಿ ನನಗೆ ತಿಳಿಯೋದಿಲ್ಲ ಸ್ವಾಮಿ. ಮೇಲಿನ ಸಾಲು ಓದಿದೆ. ಕೆಳಗೆ ನಮ್ಮ ಬಾವಿಯ ಹೆಸರಿತ್ತು. ನಂಬಿ ಮಗಳಿಗೆ ನೀರು ಕುಡಿಸಿದೆ. ವಾಂತಿಭೇದಿ ಹಿಡಿದು ಮೂರು ದಿನವಾಯ್ತು, ಆಸ್ಪತ್ರೆಯಲ್ಲಿ ಮಗು ಇನ್ನೂ ಕಣ್ಣು ಬಿಟ್ಟಿಲ್ಲ. ನಿಮ್ಮ ಕೈಗೇನು ರೋಗ ಬಂದಿತ್ತು?"

"ನಾನು ತಿದ್ದಿದ್ದೆ ತಾಯಿ, ದೇವರಾಣೆಗೂ ತಿದ್ದಿದ್ದೆ!" ಎಂದ.

"ತಿದ್ದಿದ್ದರೆ ಅದು ನಮ್ಮೂರಿಗೆ ಯಾಕೆ ಬರಲಿಲ್ಲ?"

ಗುಮಾಸ್ತ ಹಾಳೆಯನ್ನೆತ್ತಿ ಎರಡನೇ ಕೋಷ್ಟಕದ ಶೀರ್ಷಿಕೆ ಓದಿದ: 'ಕುಡಿಯಲು ಯೋಗ್ಯವಾದ ಬಾವಿಗಳು'.

ಇಷ್ಟು ಹೇಳಿ ಗುರು ಶಿಷ್ಯನ ಕೈಯಲ್ಲಿದ್ದ ವರದಿಯತ್ತ ನೋಡಿದರು.

"ಈಗ ಹೇಳು, ನೀನು ತಿದ್ದಿ ತಂದದ್ದು ಹಾಳೆಯನ್ನೋ, ಕೋಡನ್ನೋ?"

ಶಿಷ್ಯ ವರದಿಯನ್ನು ಮಡಿಚಿಕೊಂಡು ಕೋಡ್ ತೆರೆಯಲು ಹೊರಟ.