ಶನಿವಾರ ಉಳಿದುಹೋದ ಬೇರು

ಭಾನುವಾರ ಬಂತೆಂದರೆ ಯಾರೂ ಕೆಲಸ ಮುಟ್ಟದ ಒಂದು ಕಾಡಿತ್ತು. ಅಂದು ಪ್ರಾಣಿಗಳೆಲ್ಲ ಗುಡ್ಡದಾಚೆಗೆ ಉಪ್ಪುಮಣ್ಣು ನೆಕ್ಕಲು ಹೋಗುತ್ತಿದ್ದವು. ಅಲ್ಲಿ ಹುಲಿಯೂ ಯಾರ ಮೈಮೇಲೂ ಬೀಳುವಂತಿರಲಿಲ್ಲ. ಅದು ಹಿಂದಿನಿಂದ ಬಂದ ಕಟ್ಟಳೆ. ಮಣ್ಣು ನೆಕ್ಕುವುದು, ಹರಟೆ ಹೊಡೆಯುವುದು, ಬಿಸಿಲಿಗೆ ಮೈಚೆಲ್ಲಿ ಬಿದ್ದುಕೊಳ್ಳುವುದು, ಸಂಜೆಗೆ ಮನೆ ಸೇರುವುದು. ಭಾನುವಾರವೇನೋ ಚೆನ್ನಾಗಿಯೇ ಕಳೆಯುತ್ತಿತ್ತು. ತೊಂದರೆಯೆಲ್ಲ ಸೋಮವಾರದ್ದು.

ಆ ಕಾಡಿನ ಹಳ್ಳದ ದಂಡೆಯಲ್ಲಿ ಚೆಲುವಿ ಎಂಬ ಮುಳ್ಳುಹಂದಿ ಎರಡು ಮರಿಗಳನ್ನು ಕಟ್ಟಿಕೊಂಡು ಬಾಳುತ್ತಿದ್ದಳು. ಹೋದ ಮಳೆಗಾಲದಲ್ಲಿ ಅವಳ ಬಿಲಕ್ಕೆ ಹಳ್ಳದ ನೀರು ನುಗ್ಗಿತ್ತು. ಆಗ ಅವಳಿಗಿದ್ದದ್ದು ಒಂದೇ ಮರಿ. ಅದು ಕಣ್ಣೆದುರೇ ಕೊಚ್ಚಿಕೊಂಡು ಹೋಯಿತು. ಈ ಸಲ ಹಾಗಾಗಬಾರದೆಂದು ಅವಳು ಎತ್ತರದ ದಿಬ್ಬದಲ್ಲಿ ಹೊಸ ಬಿಲ ತೋಡಲು ಹಿಡಿದಿದ್ದಳು. ಮಳೆಗೆ ಇನ್ನು ಆರೇ ವಾರ ಉಳಿದಿತ್ತು.

ಚೆಲುವಿ ಸೋಮಾರಿಯಲ್ಲ. ಆದರೆ ಅಚ್ಚುಕಟ್ಟು ಸ್ವಲ್ಪ ಜಾಸ್ತಿ. ಶನಿವಾರ ಸಂಜೆಯಾದರೆ ಕೆದರಿದ ಮಣ್ಣನ್ನೆಲ್ಲ ಹೊರಗೆ ತಳ್ಳಿ, ನೆಲ ಗುಡಿಸಿ, ತೋಡಿದ ಕಡೆ ಗೋಡೆಯನ್ನು ನುಣ್ಣಗೆ ಸವರಿ, ಆಮೇಲೆಯೇ ಹೊರಡುವಳು. ಸೋಮವಾರ ಬೆಳಿಗ್ಗೆ ಬಂದು ನೋಡಿದರೆ ಎದುರಿಗೆ ಬೋಳು ಗೋಡೆ. ಎಲ್ಲಿಂದ ಶುರು ಮಾಡಬೇಕೆಂದೇ ತೋಚುತ್ತಿರಲಿಲ್ಲ. ಉಪ್ಪು ನೆಕ್ಕಿ ಬಂದ ಮೈ ಬೇರೆ ಭಾರ. ಅಲ್ಲೇ ಕೂತು ಆಕಳಿಸುತ್ತಿದ್ದಳು. ಕಾಡಿನಲ್ಲಿ ಬಿಲ ತೋಡುವವರೆಲ್ಲರ ಪಾಡೂ ಹೆಚ್ಚುಕಡಿಮೆ ಇದೇ ಆಗಿತ್ತು.

ಇದನ್ನು ಕಂಡುಕೊಂಡವನು ನರಿ ಶಿಂಗ್ರಯ್ಯ. ಅವನಿಗೆ ಸ್ವಂತ ಬಿಲವಿರಲಿಲ್ಲ. ತೋಡುವ ಅಭ್ಯಾಸವೂ ಇರಲಿಲ್ಲ. ಆದರೆ ಬಾಯಿ ಮಾತ್ರ ದೇವರು ಧಾರಾಳವಾಗಿ ಕೊಟ್ಟಿದ್ದ. ಒಂದು ಸೋಮವಾರ ಅವನು ಹುತ್ತದ ಮೇಲೆ ಹತ್ತಿ ನಿಂತು ಎಲ್ಲರನ್ನೂ ಕರೆದ. ನಿಮ್ಮಂಥ ಶೂರರಿಲ್ಲ, ನೀವು ಮನಸ್ಸು ಮಾಡಿದರೆ ಬಂಡೆಯೂ ಬೆಣ್ಣೆ, ಮಲಗಿರುವ ನಿಮ್ಮ ಶಕ್ತಿಯನ್ನು ಎಬ್ಬಿಸಲೆಂದೇ ನಾನು ಹುಟ್ಟಿದ್ದೇನೆ ಎಂದೆಲ್ಲ ಹೇಳಿದ. ಕೇಳಿದವರ ರೋಮ ನಿಮಿರಿತು. ಚೆಲುವಿಯ ಮುಳ್ಳುಗಳೂ ಗಲಗಲ ಅಂದವು. ಅವಳು ಓಡಿಹೋಗಿ ಮಧ್ಯಾಹ್ನದವರೆಗೆ ಮಣ್ಣು ಹಾರಿಸಿದ್ದೇ ಹಾರಿಸಿದ್ದು.

ಮಂಗಳವಾರ ಬೆಳಗಾಗುವ ಹೊತ್ತಿಗೆ ಆ ಹುರುಪು ಆರಿಹೋಗಿತ್ತು. ಗೋಡೆಯ ಮುಂದೆ ಕೂತು ಅವಳು ಮುಂದಿನ ಸೋಮವಾರಕ್ಕೆ ಕಾಯತೊಡಗಿದಳು. ಶಿಂಗ್ರಯ್ಯನಿಗೆ ಬೇಕಾಗಿದ್ದೂ ಅದೇ. ಬರುವಾಗ ಯಾರೂ ಬರಿಗೈಲಿ ಬರಬಾರದು ಎಂದು ಅವನು ಆಗಲೇ ತಿಳಿಸಿದ್ದ. ಗೆಣಸು, ಕಾರೆಹಣ್ಣು, ಜೇನುತಟ್ಟೆಯ ಚೂರು, ಏನಾದರೂ ಸರಿ. ವಾರ ಕಳೆದಂತೆ ಅವನ ಮಾತು ಉದ್ದವಾಯಿತು, ಹೊಟ್ಟೆ ದುಂಡಗಾಯಿತು. ಮೊದಲು ಬಿಸಿಲೇರುವ ಮುಂಚೆ ಮುಗಿಯುತ್ತಿದ್ದ ಭಾಷಣ ಈಗ ನೆತ್ತಿಯ ಮೇಲೆ ಸೂರ್ಯ ಬಂದರೂ ಮುಗಿಯುತ್ತಿರಲಿಲ್ಲ. ಮಳೆಗಾಲಕ್ಕೆ ತನಗೂ ಜಾಗ ಬೇಕಲ್ಲ ಎಂಬ ಯೋಚನೆ ಅವನಿಗೆ ಬರದೆ ಇರಲಿಲ್ಲ. ಇಷ್ಟು ಜನ ಕೇಳುಗರಲ್ಲಿ ಒಬ್ಬರಾದರೂ ಒಳಗೆ ಕರೆಯದೆ ಇರುತ್ತಾರೆಯೇ ಎಂದು ನಿಶ್ಚಿಂತೆಯಾಗಿದ್ದ.

ಹೀಗೆ ಮೂರು ವಾರ ಹೋಯಿತು. ಚೆಲುವಿಯ ಬಿಲ ಅರ್ಧಕ್ಕೂ ಬಂದಿರಲಿಲ್ಲ. ಸಂಜೆ ಮೋಡ ಕಂಡರೆ ಅವಳು ಮರಿಗಳನ್ನು ಮಗ್ಗುಲಿಗೆ ಎಳೆದುಕೊಳ್ಳುತ್ತಿದ್ದಳು.

ಆ ಹೆದರಿಕೆಗೇ ಮೂರನೆಯ ಶನಿವಾರ ಅವಳು ತೋಡುತ್ತಿದ್ದಾಗ ಅಡ್ಡಲಾಗಿ ಒಂದು ಮುತ್ತುಗದ ಬೇರು ಸಿಕ್ಕಿತು. ಕಡಿಯತೊಡಗಿದಳು. ಅರ್ಧ ಕಡಿದಿರಬೇಕು, ಹೊರಗಿನಿಂದ ಚಿಕ್ಕ ಮರಿ ಕಿರುಚಿಕೊಂಡಿತು. ಕಾಲಿಗೆ ಜಾಲಿಮುಳ್ಳು ನಾಟಿತ್ತು. ತಾನೇ ಮುಳ್ಳಿನ ಮೂಟೆಯಾದರೂ ಮರಿಗೆ ಚುಚ್ಚಿದ ಮುಳ್ಳು ಕಂಡರೆ ತಾಯಿಗೆ ತಡೆಯುತ್ತದೆಯೇ? ಬೇರನ್ನು ಅಲ್ಲಿಗೇ ಬಿಟ್ಟು ಓಡಿದಳು. ಮುಳ್ಳು ತೆಗೆದು ಮರಿಯನ್ನು ಸಮಾಧಾನ ಮಾಡುವಷ್ಟರಲ್ಲಿ ಕತ್ತಲಾಗಿತ್ತು. ಮಣ್ಣು ಹೊರಹಾಕಲಿಲ್ಲ, ಗುಡಿಸಲಿಲ್ಲ, ಗೋಡೆ ಸವರಲೂ ಇಲ್ಲ.

ಭಾನುವಾರ ಉಪ್ಪುಮಣ್ಣಿನ ಹತ್ತಿರ ಕೂತಿದ್ದರೂ ಅವಳಿಗೆ ಆ ಬೇರಿನದೇ ಧ್ಯಾನ. ಎಡಗಡೆಯಿಂದ ಕಚ್ಚಿದ್ದರೆ ಇಷ್ಟು ಹೊತ್ತಿಗೆ ತುಂಡಾಗುತ್ತಿತ್ತು. ಅದು ತುಂಡಾದರೆ ಅದರ ಹಿಂದಿನ ಮಣ್ಣು ತಾನೇ ಕುಸಿಯುತ್ತಿತ್ತು. ಹಲ್ಲಿನ ಸಂದಿಯಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಕಿರಿಕಿರಿ. ಪಕ್ಕದಲ್ಲಿ ಕೂತಿದ್ದ ಹೆಗ್ಗಣ ಬೋರಣ್ಣ ಏನೋ ಕೇಳಿದರೆ ಅವಳು ಎಡಗಡೆಯಿಂದ ಎಂದುಬಿಟ್ಟಳು.

ಸೋಮವಾರ ಬೆಳಕು ಹರಿಯುತ್ತಲೇ ಎದ್ದಳು. ಭಾಷಣಕ್ಕೆ ಇನ್ನೂ ಹೊತ್ತಿದೆ, ಆ ಬೇರನ್ನಷ್ಟು ಕಡಿದು ಹೋದರಾಯಿತು ಎಂದುಕೊಂಡು ದಿಬ್ಬ ಹತ್ತಿದಳು. ಎಡಗಡೆಯಿಂದ ನಾಲ್ಕು ಸಲ ಕಚ್ಚಿದಳು. ಬೇರು ತುಂಡಾಯಿತು. ಹಿಂದಿನ ಮಣ್ಣು ದಬದಬ ಕುಸಿಯಿತು. ಕುಸಿದ ಮಣ್ಣನ್ನು ಹಾಗೇ ಬಿಡುವುದು ಹೇಗೆ? ತಳ್ಳಿದಳು. ತಳ್ಳಿದ ಮೇಲೆ ಒಂದು ಕಲ್ಲು ಕಂಡಿತು. ಅದನ್ನು ಕಿತ್ತಳು. ತಲೆ ಎತ್ತಿ ನೋಡಿದರೆ ಮಧ್ಯಾಹ್ನವಾಗಿತ್ತು.

ಭಾಷಣ ತಪ್ಪಿಹೋಗಿತ್ತು. ಆದರೂ ಇಷ್ಟು ಕೆಲಸ ಹೇಗಾಯಿತು ಎಂದು ಅವಳು ಹೊಸ ಮಣ್ಣಿನ ರಾಶಿಯ ಮೇಲೆ ಕೂತು ತುಂಬ ಹೊತ್ತು ಯೋಚಿಸಿದಳು. ಆವತ್ತಿನಿಂದ ಅವಳು ಕೆಲಸ ಬಿಡುವಾಗ ಗೋಡೆ ಸವರುವುದನ್ನು ನಿಲ್ಲಿಸಿದಳು. ಬೇಕೆಂದೇ ಒಂದು ಕಲ್ಲನ್ನು ಅರ್ಧ ಅಲುಗಾಡಿಸಿ ಬಿಡುವಳು. ಇಲ್ಲವೇ ಒಂದಿಷ್ಟು ಮಣ್ಣು ಸಡಿಲಿಸಿ ಬಿಡುವಳು. ಮಾರನೆಯ ದಿನ ಕಾಲಿಟ್ಟರೆ ಸಾಕು, ಕೆಲಸವೇ ಅವಳನ್ನು ಕೈಹಿಡಿದು ಎಳೆದುಕೊಳ್ಳುತ್ತಿತ್ತು. ಎಲ್ಲ ದಿನವೂ ಹಾಗಿರಲಿಲ್ಲ ಅನ್ನಿ. ಮೈಗಳ್ಳತನ ಕಾಡುವ ದಿನಗಳೂ ಇದ್ದವು. ಅಂಥ ದಿನ ಒಂದೇ ಕಲ್ಲು ಕಿತ್ತು ಎದ್ದುಬಿಡುತ್ತೇನೆ ಎಂದು ಹೋಗುವಳು. ಒಂದಕ್ಕೇ ಎದ್ದುಬಂದ ದಿನ ಮಾತ್ರ ಕಡಿಮೆ.

ಎರಡು ಸೋಮವಾರ ಅವಳು ಕಾಣದೆ ಹೋದಾಗ ಶಿಂಗ್ರಯ್ಯ ದಿಬ್ಬಕ್ಕೇ ಬಂದ. ತನ್ನ ಮಾತು ಕೇಳದಿದ್ದರೆ ಅವಳ ಹುರುಪು ಇಳಿದುಹೋಗುತ್ತದೆ, ಮರಿಗಳ ಗತಿ ಏನಾಗುತ್ತದೋ ನೋಡಿಕೊಳ್ಳಬೇಕು ಎಂದು ನಯವಾಗಿ ಹೆದರಿಸಿದ. ಮರಿಗಳ ಹೆಸರು ತೆಗೆದಾಗ ಚೆಲುವಿ ಕೆಲಸ ಬಿಟ್ಟು ಅವನತ್ತ ತಿರುಗಿದಳು. ಆಗ ಅವಳ ಕಣ್ಣು ಅವನ ಪಂಜಗಳ ಮೇಲೆ ಬಿತ್ತು. ಉಗುರಿನಲ್ಲಿ ಎಳ್ಳಷ್ಟೂ ಮಣ್ಣಿರಲಿಲ್ಲ.

"ಶಿಂಗ್ರಯ್ಯ, ನಿನ್ನ ಬಿಲ ಎಲ್ಲೀವರೆಗೆ ಬಂತು?" ಎಂದು ಕೇಳಿದಳು.

ಅವನು ಬಾಲ ಕೊಡವಿ, ದೊಡ್ಡ ಕೆಲಸದಲ್ಲಿರುವವರಿಗೆ ಇಂಥ ಚಿಕ್ಕ ಕೆಲಸಕ್ಕೆ ಪುರುಸೊತ್ತೆಲ್ಲಿ ಎಂದು ಗೊಣಗುತ್ತ ಹೊರಟುಹೋದ.

ಚೆಲುವಿ ಬೋರಣ್ಣನಿಗೂ ತಾನು ಕಂಡುಕೊಂಡದ್ದನ್ನು ಹೇಳಿದಳು. ಇಷ್ಟೇನಾ ಎಂದು ಅವನು ಮೊದಲು ನಕ್ಕ. ಆಮೇಲೆ ಮಾಡಿ ನೋಡಿದ. ಹುತ್ತದ ಮುಂದೆ ಸೇರುವವರ ಗುಂಪು ಸ್ವಲ್ಪ ತೆಳುವಾಯಿತು. ಆದರೆ ಮಾತಿನ ರುಚಿ ಹತ್ತಿದವರು ಬಹಳ ಮಂದಿ ಅಲ್ಲೇ ಉಳಿದರು.

ಆರನೆಯ ವಾರ ಮುಗಿದು ಬಂದ ಸೋಮವಾರ ಬೆಳಿಗ್ಗೆಯೇ ಮಳೆ ಹಿಡಿಯಿತು. ಸಣ್ಣ ಮಳೆಯಲ್ಲ. ಚೆಲುವಿ ಮರಿಗಳೊಂದಿಗೆ ಹೊಸ ಬಿಲ ಸೇರಿ ಎರಡು ದಿನವಾಗಿತ್ತು. ಶಿಂಗ್ರಯ್ಯ ಮಲಗುತ್ತಿದ್ದ ಪೊದೆಯ ತನಕ ಹಳ್ಳದ ನೀರು ಏರಿತು. ಅವನು ತನ್ನ ಕೇಳುಗರ ಬಳಿಗೆ ಓಡಿದ. ಅವರ ಬಿಲಗಳು ಮೊಳದುದ್ದವೂ ಇರಲಿಲ್ಲ. ಅವರೇ ಅರ್ಧ ಒಳಗೆ ಅರ್ಧ ಹೊರಗೆ ನೆನೆಯುತ್ತಿದ್ದರು. ಅವನ ಮುಖ ಕಂಡದ್ದೇ ಬೆನ್ನು ತಿರುಗಿಸಿದರು. ಕೊನೆಗೆ ಅವನು ತೊಪ್ಪೆಯಾಗಿ ಚೆಲುವಿಯ ಬಾಗಿಲಿಗೆ ಬಂದ.

"ಚೆಲುವಕ್ಕ, ಒಂದು ಮೂಲೆ ಕೊಡಮ್ಮ. ಎಷ್ಟು ಸೋಮವಾರ ನಿನ್ನ ಎಬ್ಬಿಸಿದ್ದೀನಿ ನಾನು" ಎಂದ.

ಅವನು ಚಳಿಗೆ ನಡುಗುವುದನ್ನು ನೋಡಿ ಚೆಲುವಿಗೆ ಅಯ್ಯೋ ಅನ್ನಿಸಿತು. ಆದರೆ ಹಿಂದೆ ಎರಡು ಮರಿಗಳು ಮುದುರಿ ಮಲಗಿದ್ದವು. ಅವಳು ಬಾಗಿಲಿಗೆ ಅಡ್ಡವಾಗಿ ಮುಳ್ಳು ಬಿಚ್ಚಿ ನಿಂತಳು.

"ಮರಿಗಳಿರೋ ಬಿಲಕ್ಕೆ ನರೀನ ಬಿಟ್ಕೊಳ್ಳೋ ತಾಯಿ ಇಲ್ಲ ಶಿಂಗ್ರಯ್ಯ. ಮೇಲುಗಡೆ ಜಾಗ ಐತೆ. ಮಳೆಗೆ ಮಣ್ಣೂ ಮೆತ್ತಗಾಗೈತೆ. ಇವತ್ತು ಸೋಮವಾರ. ಶುರು ಮಾಡು."

ಶಿಂಗ್ರಯ್ಯ ದಿಬ್ಬದ ಮೇಲೆ ಹೋಗಿ ನಿಂತ. ರೂಢಿಯಂತೆ ಬಾಯಿ ತೆರೆದ. ನಿನ್ನಂಥ ಶೂರನಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಕಾಲು ಅಲುಗಲಿಲ್ಲ. ಇನ್ನೊಂದು ಸಲ ಜೋರಾಗಿ ಹೇಳಿದ. ಬಾಯಿಗೆ ಮಳೆನೀರು ತುಂಬಿತು, ಅಷ್ಟೇ.

ಚೆಲುವಿ ಬಾಗಿಲಲ್ಲೇ ನಿಂತು ಕೆಳಗೆ ನೋಡುತ್ತಿದ್ದಳು. ಕೆಂಪು ನೀರು ಅವಳ ಹಳೆಯ ಬಿಲದ ಬಾಯಿಯನ್ನು ಮುಚ್ಚಿ ಮುಂದೆ ಹರಿಯಿತು. ಹೋದ ವರ್ಷದ ಮರಿ ನೆನಪಾಗಿ ಅವಳಿಗೆ ಅಳು ಬಂತು. ಅತ್ತಳು. ಇವೆರಡಾದರೂ ಉಳಿದವು ಎಂದು ನೆಮ್ಮದಿಯೂ ಆಯಿತು. ಅಷ್ಟರಲ್ಲಿ ತಲೆಯ ಮೇಲುಗಡೆಯಿಂದ ಪರ್ ಪರ್ ಎಂದು ಸದ್ದು ಕೇಳಿಸತೊಡಗಿತು. ಚಿಕ್ಕ ಮರಿ ಕಣ್ಣುಬಿಟ್ಟು, ಅದೇನಮ್ಮ ಸದ್ದು ಎಂದು ಕೇಳಿತು.

"ಶಿಂಗ್ರಯ್ಯ ಕಣಪ್ಪ. ಮಣ್ಣು ಕೆರೀತಾವ್ನೆ" ಎಂದಳು ಚೆಲುವಿ.

ನೀತಿ: ಬೇರೆಯವರ ಮಾತು ಕೊಟ್ಟ ಹುರುಪು ಮಾತು ಮುಗಿಯುವವರೆಗೆ ಮಾತ್ರ, ಕೆಲಸಕ್ಕೆ ಕೈಯಿಟ್ಟವರಿಗೆ ಕೆಲಸವೇ ಹುರುಪು ಕೊಡುತ್ತದೆ.